ಹಳೆಯ ಹಾಲಿನ ಲಾರಿಯಲ್ಲಿ ಆಯಿಲ್ ಸೋರಿಕೆ: ಮೊದಲು ಮೂಲ ಹುಡುಕಿ

ಸದಸ್ಯ ಬಾಂಧವರಲ್ಲಿ ಕೆಲವರು ಹಳೆಯ ಲಾರಿಯೊಂದನ್ನು ಕೊಂಡು ಹಾಲಿನ ಕ್ಯಾನು, ಪಶು ಆಹಾರ, ಒಣಹುಲ್ಲು ಸಾಗಿಸುವ ಉಪಕಸುಬು ಇಟ್ಟುಕೊಂಡಿದ್ದಾರೆ. 1986ರಲ್ಲಿ ಬಂದ ಟಾಟಾ 407 ಮತ್ತು ಅದೇ ಅಳತೆಯ ಗಾಡಿಗಳು ಹಳ್ಳಿಯ ರಸ್ತೆಗೆ ಒಗ್ಗಿದವು. ಊರೂರಿಗೆ ಬಲ್ಕ್ ಕೂಲರ್ ಬಂದ ಮೇಲೆ ಕ್ಯಾನಿನ ಓಡಾಟ ತಗ್ಗಿದೆ, ಆದರೆ ಪೂರ್ತಿ ನಿಂತಿಲ್ಲ. 40 ಲೀಟರಿನ 40 ಕ್ಯಾನು ಹೇರಿದರೆ ಗಾಡಿಯಲ್ಲಿ ಇರುವುದು 1600 ಲೀಟರ್ ಹಾಲು, ಅಂದರೆ ಹಲವು ಮನೆಗಳ ಒಂದು ಹೊತ್ತಿನ ದುಡಿಮೆ. ಬೇಸಿಗೆಯಲ್ಲಿ ತಂಪು ಮಾಡದ ಹಾಲು ನಾಲ್ಕೈದು ಗಂಟೆಗಳಲ್ಲಿ ಕಾಯಿಸಿದರೆ ಒಡೆಯುವ ಸ್ಥಿತಿಗೆ ಬರಬಹುದು. ಆದುದರಿಂದ ಗೇರ್ ಬಾಕ್ಸು ಅಥವಾ ಹಿಂದಿನ ಹೌಸಿಂಗು ದಾರಿಯಲ್ಲಿ ಕೈಕೊಟ್ಟರೆ ನಷ್ಟ ಲಾರಿಯ ಮಾಲೀಕರೊಬ್ಬರದೇ ಅಲ್ಲ.

ಹಳೆಯ ಗಾಡಿ ಎಂದರೆ ಸ್ವಲ್ಪ ಜಿನುಗುವುದು ಸಹಜ ಎಂಬ ಮಾತಿದೆ. ಅರ್ಧ ನಿಜ. ಜೋಡಣೆಯ ಜಾಗದಲ್ಲಿ ಎಣ್ಣೆ ಪಸೆಯ ಮೇಲೆ ಧೂಳು ಕೂತಿದ್ದರೆ ಗಾಬರಿ ಬೇಡ. ಆದರೆ ನೆಲಕ್ಕೆ ಹನಿ ಬಿದ್ದರೆ ಅದಕ್ಕೊಂದು ಕಾರಣವಿದೆ ಎಂದೇ ತಿಳಿಯಬೇಕು. ನಿಮಿಷಕ್ಕೆ ಒಂದೇ ಹನಿ ಎಂದಿಟ್ಟುಕೊಂಡರೂ ದಿನಕ್ಕೆ 1440 ಹನಿ. ಇಪ್ಪತ್ತು ಇಪ್ಪತ್ತೈದು ಹನಿಗೆ ಒಂದು ಮಿಲಿಲೀಟರ್ ಹಿಡಿದರೆ ಹತ್ತು ದಿನಕ್ಕೆ ಅರ್ಧ ಲೀಟರಿಗೂ ಮೀರುತ್ತದೆ. ಸಣ್ಣ ಲಾರಿಯ ಗೇರ್ ಬಾಕ್ಸಿನಲ್ಲಿ ಇರುವುದೇ ಕೆಲವು ಲೀಟರ್.

ಸಂಜೆ ಗಾಡಿ ನಿಲ್ಲಿಸಿದಾಗ ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ನೆಲದ ಮೇಲೆ ಹಳೆಯ ರಟ್ಟು ಅಥವಾ ಪೇಪರು ಹಾಸಿ, ಹಾರದಂತೆ ಕಲ್ಲಿಡಿ. ಬೆಳಗ್ಗೆ ಹಾಲು ಕರೆದ ಮೇಲೆ ನೋಡಿ. ಕರ್ರಗೆ ತೆಳ್ಳಗಿದ್ದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಘಾಟು ವಾಸನೆ ಇದ್ದರೆ ಗೇರ್ ಆಯಿಲ್. ನೀರಿನಂತೆ ತೆಳ್ಳಗಿದ್ದು ಬಣ್ಣ ಏಳಿಸುವಂಥದ್ದಾದರೆ ಬ್ರೇಕ್ ಆಯಿಲ್. ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಲ್ಲಿ ಕ್ಲಚ್ಚಿನ ಸಿಲಿಂಡರಿನಿಂದಲೂ ಇದೇ ಬೀಳುತ್ತದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಗಂಟೆಯಾಕಾರದ ಹೌಸಿಂಗಿನ ಕೆಳಗೆ ಹನಿ ಬಿದ್ದರೆ ಈ ಗುರುತು ಬಹಳ ಮುಖ್ಯ. ಅಲ್ಲಿ ಎರಡು ಸೀಲುಗಳಿಗೆ ಸಂಶಯ ಹೋಗುತ್ತದೆ, ಇಂಜಿನ್ನಿನ ಹಿಂದಿನ ಸೀಲು ಮತ್ತು ಗೇರ್ ಬಾಕ್ಸಿನ ಮುಂದಿನ ಸೀಲು. ಎರಡಕ್ಕೂ ಗೇರ್ ಬಾಕ್ಸು ಇಳಿಸಬೇಕು. ಹೇಗೂ ಇಳಿಸಿದ ಮೇಲೆ ಎರಡನ್ನೂ ಹಾಕಿಸಿಬಿಡುವುದು ಲೇಸು. ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿದೆಯೇ ಎಂದೂ ಆಗಲೇ ನೋಡಬೇಕು.

ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ತಿಳಿಯಬೇಡಿ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ. ಕೆಳಭಾಗವನ್ನು ಡೀಸೆಲ್ಲಿನಿಂದ ಉಜ್ಜಿ ತೊಳೆದು, ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಮುಖದ ಪೌಡರನ್ನೋ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಕೆಳಗೆ ಇಣುಕಿದರೆ ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿಂದ ಹೊರಟಿದೆ ಎಂಬುದು ಕಾಣುತ್ತದೆ. ಬಹಳ ಸಲ ಅದು ಸಡಿಲಾದ ಬೋಲ್ಟು, ವಾಷರಿಲ್ಲದ ಡ್ರೈನ್ ಪ್ಲಗ್ಗು ಅಥವಾ ಹರಿದ ಪ್ಯಾಕಿಂಗ್ ಆಗಿರುತ್ತದೆ. ಹತ್ತು ನಿಮಿಷದ ಕೆಲಸ.

ಬ್ರೀದರ್ ಎಂಬ ಸಣ್ಣ ವಸ್ತು

ಸೀಲನ್ನು ಎರಡು ಮೂರು ಸಲ ಬದಲಾಯಿಸಿದರೂ ಸೋರಿಕೆ ನಿಲ್ಲಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನು. ಗೇರ್ ಬಾಕ್ಸಿನ ಮೇಲೆ ಮತ್ತು ಹಿಂದಿನ ಹೌಸಿಂಗಿನ ಮೇಲೆ ಹೆಬ್ಬೆರಳಿನಷ್ಟು ಗಾತ್ರದ, ಟೊಪ್ಪಿಗೆ ಇರುವ ಒಂದು ನಳಿಕೆ ಇರುತ್ತದೆ. ಒಳಗಿನ ಗಾಳಿ ಆಡಲು ಇರುವ ದಾರಿ ಅದು. ಗಾಡಿ ಓಡಿದಂತೆ ಎಣ್ಣೆ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. 25 ಡಿಗ್ರಿಯಿಂದ 85 ಡಿಗ್ರಿಗೆ ಏರಿದರೆ ಸುಮಾರು ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ. ಕೆಸರು ಮೆತ್ತಿ ಬ್ರೀದರ್ ಕಟ್ಟಿದ್ದರೆ ಆ ಒತ್ತಡ ಸೀಲಿನ ತುಟಿಯನ್ನೇ ಸರಿಸಿಕೊಂಡು ಎಣ್ಣೆ ಸಮೇತ ಹೊರಬರುತ್ತದೆ. ಹೊಸ ಸೀಲೂ ಇದಕ್ಕೆ ಹೊರತಲ್ಲ. ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಬಾಯಿಂದ ಊದಿ ನೋಡಿ, ಗಾಳಿ ಸಲೀಸಾಗಿ ಹಾಯಬೇಕು. ಖರ್ಚಿಲ್ಲದ ಈ ಕೆಲಸವನ್ನು ಬಹುಪಾಲು ಗ್ಯಾರೇಜುಗಳಲ್ಲಿ ಕೇಳಿ ಮಾಡಿಸಬೇಕಾಗಿದೆ ಎಂಬುದು ನನ್ನ ಅನುಭವ.

ಇನ್ನೊಂದು ಕಾರಣ ಎಣ್ಣೆ ಹೆಚ್ಚಾಗುವುದು. ಸೋರುತ್ತದಲ್ಲಾ ಎಂದು ಧಾರಾಳವಾಗಿ ಸುರಿಯುವವರಿದ್ದಾರೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆರಿದ ಮೇಲೆ ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಾಡಿಸಿ. ಸಾಮಾನ್ಯವಾಗಿ ಎಣ್ಣೆ ತೂತಿನ ಕೆಳ ಅಂಚಿಗೆ ಸಮವಾಗಿರಬೇಕು. ಎಣ್ಣೆ ಬದಲಾಯಿಸುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ನಂತರ ಕೆಳಗಿನ ಡ್ರೈನ್ ಪ್ಲಗ್. ಎಣ್ಣೆ ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಗೇರ್ ಬಾಕ್ಸಿಗೂ ಹೌಸಿಂಗಿಗೂ ಒಂದೇ ಆಯಿಲ್ ಆಗುತ್ತದೆಂದು ಊಹಿಸಬೇಡಿ. ಹೌಸಿಂಗಿನ ಹಲ್ಲುಗಳಿಗೆ ಬೇಕಾದ ತೀಕ್ಷ್ಣ ರಾಸಾಯನಿಕಗಳು ಕೆಲವು ಗೇರ್ ಬಾಕ್ಸುಗಳ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತವೆ. ಗಾಡಿಯ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕತಕ್ಕದ್ದು.

ಇಳಿಸಿದ ಎಣ್ಣೆಯನ್ನು ನೋಡದೆ ಚೆಲ್ಲಬೇಡಿ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಪೇಸ್ಟು ಅಂಟಿದ್ದರೆ ಸವೆತ ಸಹಜ. ಉಗುರಿಗೆ ಸಿಗುವ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಮುರಿಯುತ್ತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಿಸಿ ಹೌಸಿಂಗು ಹಳ್ಳದ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಳ್ಳ ಹಾಯುವವರು ಇದನ್ನು ನೆನಪಿಡಬೇಕು. ಕೆಟ್ಟ ಎಣ್ಣೆಯನ್ನು ಉಣ್ಣೆ ಹುಳುವಿಗೆಂದು ದನದ ಮೈಗೆ ಬಳಿಯುವ ರೂಢಿ ಕೆಲವೆಡೆ ಇದೆ, ಖಂಡಿತ ಕೂಡದು. ದನ ನೆಕ್ಕುತ್ತದೆ.

ಸೀಲು ಹಾಕುವಾಗ

ಹೌಸಿಂಗಿನ ಮುಂದಿನ ಪಿನಿಯನ್ ಸೀಲು ಸೋರುತ್ತಿದ್ದರೆ, ಬಿಚ್ಚುವ ಮುನ್ನ ಜಾಯಿಂಟ್ ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಫ್ಲ್ಯಾಂಜ್ ಆಡಿದರೆ ಬೇರಿಂಗ್ ಸವೆದಿದೆ, ಸೀಲು ಮಾತ್ರ ಹಾಕಿದರೆ ಹಣ ನೀರಿಗೆ. ಪಿನಿಯನ್ ನಟ್ಟಿನ ಬಿಗಿತವೇ ಬೇರಿಂಗಿನ ಬಿಗಿತ. ನಟ್ಟಿಗೂ ಫ್ಲ್ಯಾಂಜಿಗೂ ಗುರುತು ಹಾಕದೆ ಬಿಚ್ಚಿ, ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸುವವರ ಕೈಗೆ ಈ ಕೆಲಸ ಕೊಡಬಾರದು. ಹಳೆಯ ಸೀಲು ಕೂತಿದ್ದ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ತಗುಲುವ ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ತೆಳು ಉಕ್ಕಿನ ಸ್ಲೀವ್ ಏರಿಸಬೇಕು, ಇಲ್ಲವೇ ಫ್ಲ್ಯಾಂಜ್ ಬದಲಾಯಿಸಬೇಕು. ಸೀಲಿನ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೆ. ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹಿಂದಿನ ಚಕ್ರದ ಹಬ್. ಆಕ್ಸಲ್ಲಿನ ಹೊರಗಿನ ಫ್ಲ್ಯಾಂಜಿನಿಂದ ಜಿನುಗಿದರೆ ಬೋಲ್ಟು, ಪ್ಯಾಕಿಂಗ್ ನೋಡಿದರೆ ಸಾಕು. ಚಕ್ರದ ಒಳಬದಿಗೆ, ಡ್ರಮ್ಮಿನ ಹಿಂದಿನಿಂದ ಟಯರಿನ ಮೇಲೆ ಎಣ್ಣೆ ಇಳಿದಿದ್ದರೆ ಅದು ಬ್ರೇಕಿನ ವಿಷಯ. ಎಣ್ಣೆ ಕುಡಿದ ಲೈನಿಂಗು ಹಿಡಿಯದು, ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಹಚ್ಚಿ ಒಣಗಿಸುವ ಪದ್ಧತಿಯನ್ನು ನಂಬಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬೇರಿಂಗ್ ಪರೀಕ್ಷಿಸಿ, ಸೀಲು ಹಾಕಿ, ಎರಡೂ ಕಡೆಯ ಲೈನಿಂಗು ಬದಲಾಯಿಸಿ. ಅಲ್ಲಿಯವರೆಗೆ ಲೋಡು ಹೊರಿಸಬೇಡಿ. ಬ್ರೇಕ್ ಆಯಿಲ್ ಸೋರಿಕೆಗೂ ಇದೇ ಮಾತು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು, ಸ್ಟ್ಯಾಂಡು ಅಥವಾ ಗಟ್ಟಿ ಮರದ ದಿಮ್ಮಿ ಬೇಕು.

ಹಳೆಯ ಲಾರಿ ಕೊಳ್ಳುವವರಿಗೆ ಒಂದು ಮಾತು. ಕೆಳಭಾಗ ಹೊಸದಾಗಿ ತೊಳೆದು ಬಣ್ಣ ಬಳಿದಿದ್ದರೆ ಸಂಶಯಪಡಿ. ಸದ್ದು ಮತ್ತು ಸೋರಿಕೆ ಮುಚ್ಚಲು ಹೌಸಿಂಗಿಗೆ ಗ್ರೀಸು, ಮರದ ಹೊಟ್ಟು ತುಂಬುವ ಹಳೆಯ ಕೈಚಳಕ ಇದೆ. ಫಿಲ್ಲರ್ ಪ್ಲಗ್ ಬಿಚ್ಚಿಸಿ ಬೆರಳಿಟ್ಟು ನೋಡಿ.

ಹಾಲು ಹೇರಿಕೊಂಡು ಹೋಗುವಾಗ ದಾರಿಯಲ್ಲಿ ಸೋರಿಕೆ ಕಂಡರೆ ನಿಲ್ಲಿಸಿ ಮಟ್ಟ ನೋಡಿ. ಕಡಿಮೆ ಇದ್ದರೆ ಅದೇ ದರ್ಜೆಯ ಎಣ್ಣೆ ತುಂಬಿ ನಿಧಾನವಾಗಿ ಹೋಗಬಹುದು. ಗಾಡಿಯಲ್ಲಿ ಒಂದು ಲೀಟರ್ ಇಟ್ಟಿರಿ, ಆದರೆ ಕ್ಯಾನುಗಳಿಂದ ದೂರ, ಏಕೆಂದರೆ ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಎಣ್ಣೆ ಮುಟ್ಟಿದ ಕೈಯಲ್ಲಿ ಕ್ಯಾನಿನ ಮುಚ್ಚಳ ತೆಗೆಯಬೇಡಿ. ಹಬ್ಬಿನಿಂದ ಹೊಗೆ ಬಂದರೆ, ಪ್ಲಗ್ ಬಿದ್ದು ಹೋಗಿದ್ದರೆ ಅಥವಾ ಗೇರು ಕರಕರ ಎಂದರೆ ಮುಂದಕ್ಕೆ ಓಡಿಸಬಾರದು. ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿ ಹೊದಿಸಿ, ಸಂಘದ ಕಾರ್ಯದರ್ಶಿಗೂ ಶೀತಲ ಕೇಂದ್ರಕ್ಕೂ ತಕ್ಷಣ ಫೋನು ಮಾಡಿ ಬೇರೆ ಗಾಡಿ ತರಿಸಿ.