ಮುಕ್ತ ಪ್ರವೇಶ ಪ್ರಕಟಣೆ ಮತ್ತು ಕನ್ನಡ ಸಂಶೋಧನೆ: ಒಂದು ಪರಿಶೀಲನೆ

ಸಂಶೋಧನೆಯು ಪ್ರಕಟಣೆಯ ಮೂಲಕವೇ ಪೂರ್ಣಗೊಳ್ಳುತ್ತದೆ. ಶೋಧಿಸಿದ ಸಂಗತಿಯನ್ನು ಇನ್ನೊಬ್ಬ ವಿದ್ವಾಂಸರು ಓದಿ, ಪರೀಕ್ಷಿಸಿ, ಒಪ್ಪುವ ಇಲ್ಲವೆ ನಿರಾಕರಿಸುವ ಅವಕಾಶವಿದ್ದಾಗ ಮಾತ್ರ ಅದು ಜ್ಞಾನಪರಂಪರೆಯ ಭಾಗವಾಗುತ್ತದೆ. ಈ ಅವಕಾಶ ಯಾರಿಗೆ, ಎಷ್ಟರಮಟ್ಟಿಗೆ ದೊರೆಯುತ್ತಿದೆ ಎಂಬ ಪ್ರಶ್ನೆಯೇ ಓಪನ್ ಆಕ್ಸೆಸ್ ಅಥವಾ ಮುಕ್ತ ಪ್ರವೇಶ ಪ್ರಕಟಣೆಯ ಚಿಂತನೆಗೆ ಮೂಲವಾಗಿದೆ. ಈ ಚಿಂತನೆಯ ಮುಖ್ಯ ನೆಲೆಗಳನ್ನು ಗುರುತಿಸಿ, ಕನ್ನಡ ಸಂಶೋಧನೆಯ ಸಂದರ್ಭದಲ್ಲಿ ಅವುಗಳ ಅರ್ಥವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಕಲ್ಪನೆಯ ಸ್ವರೂಪ

ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಸಂಶೋಧನೆ ನಡೆಯುತ್ತದೆ. ಲೇಖನವನ್ನು ಬರೆಯುವವರೂ ಅದರ ಗುಣಮಟ್ಟವನ್ನು ಪರಿಶೀಲಿಸುವ ತಜ್ಞರೂ ಪ್ರಕಾಶಕರಿಂದ ಸಾಮಾನ್ಯವಾಗಿ ಸಂಭಾವನೆ ಪಡೆಯುವುದಿಲ್ಲ. ಆದರೂ ಅದೇ ಲೇಖನವನ್ನು ಅದೇ ಸಂಸ್ಥೆಗಳ ಗ್ರಂಥಾಲಯಗಳು ಚಂದಾ ತೆತ್ತು ಕೊಳ್ಳಬೇಕಾಗುತ್ತದೆ. ಈ ವೈರುಧ್ಯಕ್ಕೆ ಉತ್ತರವಾಗಿ 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಹೊರಬಂದಿತು. 2003ರಲ್ಲಿ ಬೆಥೆಸ್ಡಾ ಮತ್ತು ಬರ್ಲಿನ್ ಘೋಷಣೆಗಳು ಅದನ್ನು ಅನುಸರಿಸಿದವು. ಬುಡಾಪೆಸ್ಟ್ ಘೋಷಣೆಯ ಪ್ರಕಾರ ಮುಕ್ತತೆಯೆಂದರೆ ಉಚಿತ ಓದು ಮಾತ್ರವಲ್ಲ. ಬರಹವನ್ನು ಪ್ರತಿಮಾಡುವ, ಹಂಚುವ, ಮುದ್ರಿಸುವ, ಅದರೊಳಗೆ ಹುಡುಕುವ ಸ್ವಾತಂತ್ರ್ಯವೂ ಅದರಲ್ಲಿ ಸೇರಿದೆ. ಇದನ್ನು ಸಾಧಿಸಲು ಅದು ಎರಡು ಮಾರ್ಗಗಳನ್ನು ಸೂಚಿಸಿತು. ಲೇಖಕರೇ ತಮ್ಮ ಬರಹವನ್ನು ಮುಕ್ತ ಭಂಡಾರದಲ್ಲಿ ಇರಿಸುವುದು ಮೊದಲನೆಯದು. ಪತ್ರಿಕೆಯೇ ಮುಕ್ತವಾಗಿ ಪ್ರಕಟವಾಗುವುದು ಎರಡನೆಯದು.

2. ಭಾರತೀಯ ಸಂದರ್ಭ

ಈ ವಿಷಯದಲ್ಲಿ ಕರ್ನಾಟಕದ ನೆಲಕ್ಕೆ ವಿಶೇಷ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ತನ್ನ ವಿದ್ವಾಂಸರ ಲೇಖನಗಳಿಗಾಗಿ ಮುಕ್ತ ಭಂಡಾರವೊಂದನ್ನು ಆರಂಭಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಅದರ ಫಲವಾಗಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುತ್ತಿರುವ 'ಶೋಧಗಂಗಾ' ಭಂಡಾರದಲ್ಲಿ ಕನ್ನಡ ಮಹಾಪ್ರಬಂಧಗಳೂ ಸೇರಿವೆ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಅನುಮೋದಿಸಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು ಇದಕ್ಕಿಂತ ಭಿನ್ನವಾದುದು. 2025ರಿಂದ 2027ರವರೆಗಿನ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿ, 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ಒದಗಿಸುವುದು ಇದರ ಗುರಿ. ಇದು ಬಾಗಿಲು ತೆರೆಯುವ ಕ್ರಮವಲ್ಲ. ಒಳಗಿರುವವರ ಸಂಖ್ಯೆಯನ್ನು ಹೆಚ್ಚಿಸುವ ಕ್ರಮ.

3. ಹೊರಗಿನ ವಿದ್ವಾಂಸ

ಈ ವ್ಯತ್ಯಾಸ ಕನ್ನಡಕ್ಕೆ ಮಹತ್ವದ್ದಾಗಿದೆ. ಕನ್ನಡ ಸಂಶೋಧನೆ ವಿಶ್ವವಿದ್ಯಾಲಯದೊಳಗೆ ಮಾತ್ರ ಬೆಳೆದುದಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದರು. ಓಲೆಗರಿಗಳನ್ನು ಸಂಗ್ರಹಿಸಿದ ಮಠಗಳು, ಶಾಸನಗಳನ್ನು ಹುಡುಕಿದ ಶಾಲಾ ಶಿಕ್ಷಕರು, ನಿವೃತ್ತಿಯ ಅನಂತರವೂ ಕ್ಷೇತ್ರಕಾರ್ಯ ನಡೆಸುವ ಅಧ್ಯಾಪಕರು ಈ ಪರಂಪರೆಗೆ ಸೇರಿದವರು. ಸಂಸ್ಥೆಯ ಸದಸ್ಯತ್ವವನ್ನೇ ಓದಿನ ಅರ್ಹತೆಯಾಗಿಸುವ ವ್ಯವಸ್ಥೆಯು ಇಂಥವರನ್ನು ಹೊರಗಿಡುತ್ತದೆ. ಆದ್ದರಿಂದ ಕನ್ನಡದ ಮಟ್ಟಿಗೆ ಮುಕ್ತ ಪ್ರವೇಶವು ಸಂಶೋಧನೆಯ ಬೇರುಗಳನ್ನು ಉಳಿಸಿಕೊಳ್ಳುವ ಪ್ರಶ್ನೆ.

4. ಶುಲ್ಕದ ಸಮಸ್ಯೆ

ಓದುಗರಿಂದ ಹಣ ಪಡೆಯದ ಪತ್ರಿಕೆ ಅದನ್ನು ಬೇರೊಂದೆಡೆಯಿಂದ ಪಡೆಯಬೇಕು. ಅನೇಕ ಪತ್ರಿಕೆಗಳು ಆ ಭಾರವನ್ನು ಲೇಖಕರ ಮೇಲೆ ಹೊರಿಸಿವೆ. 2016ರ ನಿಯಮಾವಳಿಯು ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸುವುದನ್ನು ಕಡ್ಡಾಯವಾಗಿಸಿತ್ತು. 2022ರ ನಿಯಮಾವಳಿ ಆ ಷರತ್ತನ್ನು ಕೈಬಿಟ್ಟಿತು. ಇಂಥ ಒತ್ತಡದ ಸಂದರ್ಭದಲ್ಲಿ ಪರಿಶೀಲನೆಯೇ ಇಲ್ಲದೆ ಹಣಕ್ಕಾಗಿ ಪ್ರಕಟಿಸುವ ಪತ್ರಿಕೆಗಳಿಗೆ ಸಂಶೋಧನ ವಿದ್ಯಾರ್ಥಿಗಳು ಸುಲಭವಾಗಿ ತುತ್ತಾಗುತ್ತಾರೆ. 2018ರ ಮೇ ತಿಂಗಳಲ್ಲಿ ಆಯೋಗವು ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿದುದು ಸಮಸ್ಯೆಯ ವ್ಯಾಪ್ತಿಯನ್ನು ತೋರಿಸುತ್ತದೆ. ದೋಷವಿರುವುದು ಮುಕ್ತತೆಯಲ್ಲಲ್ಲ, ಲೇಖಕರ ಅಗತ್ಯವನ್ನೇ ಬಂಡವಾಳವಾಗಿಸಿಕೊಂಡ ವ್ಯವಹಾರದಲ್ಲಿ. ಓದುಗರಿಂದಲೂ ಲೇಖಕರಿಂದಲೂ ಶುಲ್ಕ ಪಡೆಯದೆ, ಸಂಸ್ಥೆಯೇ ವೆಚ್ಚ ಭರಿಸುವ ಮೂರನೆಯ ಮಾದರಿಯೊಂದಿದೆ. ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ನಡೆಯುವ ಕನ್ನಡ ಪತ್ರಿಕೆಗಳ ಸ್ವಭಾವಕ್ಕೆ ಇದೇ ಹತ್ತಿರವಾದುದು.

5. ಅಕ್ಷರದ ತೊಡಕು

ಕನ್ನಡಕ್ಕೆ ವಿಶಿಷ್ಟವಾದ ತೊಡಕು ಬೇರೊಂದಿದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹಳಷ್ಟು ಮಹಾಪ್ರಬಂಧಗಳು ಹಳೆಯ ಸಂಕೇತ ಪದ್ಧತಿಯ ಫಾಂಟುಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡ ಅಕ್ಷರರೂಪಗಳನ್ನು ಕೂರಿಸಲಾಗಿದೆ. ಪುಟದ ಮೇಲೆ 'ವಡ್ಡಾರಾಧನೆ' ಎಂದು ಕಾಣುವುದು ಗಣಕಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿದ ಪ್ರತಿಗಳಂತೂ ಕೇವಲ ಚಿತ್ರಗಳು. ಇಂಥ ಪ್ರಬಂಧವನ್ನು ಯಾರು ಬೇಕಾದರೂ ತೆರೆಯಬಹುದು. ಅದರೊಳಗಿನ ಒಂದು ಪದವನ್ನು ಹುಡುಕುವುದು ಮಾತ್ರ ಅಸಾಧ್ಯ. ಹಿಂದಿನ ಕೆಲಸ ಕಣ್ಣಿಗೆ ಬೀಳದಿದ್ದಾಗ ಅದೇ ವಿಷಯದ ಮೇಲೆ ಅದೇ ಅಧ್ಯಯನ ಮರುಕಳಿಸುತ್ತದೆ; ಮೊದಲು ಶೋಧಿಸಿದವರ ಶ್ರಮಕ್ಕೆ ಮನ್ನಣೆಯೂ ದೊರೆಯುವುದಿಲ್ಲ. ಬುಡಾಪೆಸ್ಟ್ ಘೋಷಣೆಯ ಅರ್ಥದಲ್ಲಿ ಇವು ಇನ್ನೂ ಮುಕ್ತವಾಗಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮುಕ್ತತೆಗೆ ಮೂರು ಮುಖಗಳಿರುವುದು ಸ್ಪಷ್ಟವಾಗುತ್ತದೆ: ಓದುವ ಅನುಮತಿ, ಶುಲ್ಕದಿಂದ ವಿಮುಕ್ತಿ ಮತ್ತು ಹುಡುಕಲು ಬರುವ ಪಠ್ಯ. ಮೊದಲ ಎರಡು ಬಹುಮಟ್ಟಿಗೆ ಸರ್ಕಾರ ಮತ್ತು ಸಂಸ್ಥೆಗಳ ನೀತಿಗೆ ಸಂಬಂಧಿಸಿದವು. ಮೂರನೆಯದು ಕನ್ನಡ ಅಧ್ಯಯನ ವಿಭಾಗಗಳ ಕೈಯಳತೆಯಲ್ಲಿಯೇ ಇದೆ. ಹೊಸ ಮಹಾಪ್ರಬಂಧಗಳನ್ನು ಯೂನಿಕೋಡ್‌ನಲ್ಲಿಯೇ ಸ್ವೀಕರಿಸುವುದು, ಹಳೆಯವನ್ನು ಪರಿವರ್ತಕ ತಂತ್ರಾಂಶಗಳ ನೆರವಿನಿಂದ ಬದಲಿಸಿ ತಿದ್ದುವುದು, ವಿಭಾಗೀಯ ಪತ್ರಿಕೆಗಳ ಹಿಂದಿನ ಸಂಚಿಕೆಗಳನ್ನು ಲೇಖಕರ ಒಪ್ಪಿಗೆಯೊಂದಿಗೆ ಭಂಡಾರಕ್ಕೆ ಸೇರಿಸುವುದು ಇವು ತುರ್ತಾಗಿ ಆಗಬೇಕಾದ ಕೆಲಸಗಳು. ಗ್ರಂಥಸಂಪಾದನೆಯಲ್ಲಿ ಪಾಠಶುದ್ಧಿಗೆ ತೋರುವ ಶ್ರದ್ಧೆಯನ್ನು ಕನ್ನಡ ವಿದ್ವತ್ತು ಈ ಕೆಲಸಕ್ಕೂ ವಿಸ್ತರಿಸಬೇಕಾಗಿದೆ.