ಬಿಡುವುದಕ್ಕೆಂದೇ ಹಿಡಿಯುವ ಏಡಿ

ಜರ್ಮನಿಯ ಬಾಲ್ಟಿಕ್ ಕಡಲಂಚಿನಲ್ಲಿ ಏಡಿ ಹಿಡಿಯಲು ಬೇಕಾಗುವ ಸಾಮಾನು ಹೆಚ್ಚಿಲ್ಲ. ಮೂರ್ನಾಲ್ಕು ಮೀಟರ್ ದಾರ, ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು, ಮುಷ್ಟಿಗಾತ್ರದ ಕಲ್ಲು, ಒಂದು ಬಕೆಟ್. ಗಾಳದ ಕೊಕ್ಕೆ ಬೇಡವೇ ಬೇಡ. ಜುಲೈ ತಿಂಗಳಲ್ಲಿ ಕೀಲ್ ನಗರದ ಆಚೆ ಲಾಬೋ, ಮೋಲ್ಟೆನೋರ್ಟ್, ಸ್ಟ್ರಾಂಡೆಯಂಥ ಊರುಗಳ ಕಟ್ಟೆಗಳ ಮೇಲೆ ನಡೆದರೆ, ಹೊಟ್ಟೆಯ ಮೇಲೆ ಮಲಗಿ ನೀರಿಗೆ ಇಣುಕುತ್ತಿರುವ ಮಕ್ಕಳ ಸಾಲು ಕಾಣುತ್ತದೆ. ಎಲ್ಲರ ಕೈಯಲ್ಲೂ ದಾರ, ದಾರದ ತುದಿಗೆ ಅಮ್ಮನ ಬಟ್ಟೆ ಹಗ್ಗದಿಂದ ಕದ್ದ ಕ್ಲಿಪ್ಪು.

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ, ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ. ಅಲ್ಲಿ ಏಡಿ ಎಂದರೆ ಆಟದ ಸಾಮಾನಲ್ಲ, ಅಡುಗೆಯ ಸಾಮಾನು. ಕಬ್ಬಿಣದ ರಿಂಗಿಗೆ ಬಲೆ ಕಟ್ಟಿ, ನಡುವೆ ಮೀನಿನ ತಲೆ ಇಟ್ಟು ಹೊಳೆಗೆ ಇಳಿಸುತ್ತಿದ್ದರು. ಎತ್ತಿದಾಗ ಅಂಗೈಗಿಂತ ಅಗಲದ, ಕಪ್ಪು ಹಸಿರಿನ ಏಡಿ. ಅದರ ಕೊಂಬಿಗೆ ಬೆರಳು ಸಿಕ್ಕರೆ ಆಸ್ಪತ್ರೆಯೇ ಗತಿ. ಮದುವೆಯಾಗಿ ಹ್ಯಾಂಬರ್ಗಿಗೆ ಬಂದ ಮೇಲೆ ಏಡಿ ಎಂದರೆ ಏಷ್ಯನ್ ಅಂಗಡಿಯ ಫ್ರೀಜರಿನಲ್ಲಿ ಹಿಮಗಟ್ಟಿದ ನೀಲಿ ತುಂಡು ಎಂದಷ್ಟೇ ಆಗಿತ್ತು. ಮಗಳಿಗೆ ಶಾಲೆಯ ಗೆಳತಿಯರಿಂದ ಕ್ಲಿಪ್ಪಿನ ವಿದ್ಯೆ ಗೊತ್ತಾದ ಮೇಲೆ ನಮ್ಮ ಬೇಸಿಗೆ ರಜೆಯ ದಿಕ್ಕೇ ಬದಲಾಯಿತು. ಹ್ಯಾಂಬರ್ಗಿನಿಂದ ಕೀಲ್‌ಗೆ ರೈಲು, ಅಲ್ಲಿಂದ ಲಾಬೋಗೆ ದೋಣಿ. ಲಾಬೋದಲ್ಲಿ 72 ಮೀಟರ್ ಎತ್ತರದ ನೌಕಾ ಸ್ಮಾರಕವಿದೆ, ಅದರ ಎದುರು ಮರಳಿನ ಮೇಲೆ ಎರಡನೇ ಮಹಾಯುದ್ಧದ ಯು-995 ಜಲಾಂತರ್ಗಾಮಿಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ನನ್ನ ಗಂಡ ಪ್ರತಿ ಸಲವೂ ಅದನ್ನು ನೋಡಲು ಹೋಗುತ್ತಾನೆ. ಮಗಳಿಗೆ ಈವರೆಗೆ ಪುರುಸೊತ್ತಾಗಿಲ್ಲ.

ಈ ದೇಶದಲ್ಲಿ ಬೇಸಿಗೆ ರಜೆ ಬರುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಕಡಲಿಗೇ ರಜೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ನೀರಿಗಿಳಿಯುವಂತಿಲ್ಲ. ಆ ಮಳೆಗಾಲದ ಬಿಡುವಿನಲ್ಲೇ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡಿದ್ದೆ. ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂತ ಅಮ್ಮ, ಮಕ್ಕಳು ಏಡಿ ಹಿಡಿಯುವುದನ್ನು ನೋಡಿ ಖುಷಿಪಟ್ಟಳು. ಸಂಜೆ ಅವೇ ಮಕ್ಕಳು ಬಕೆಟ್ ಬಗ್ಗಿಸಿ ಏಡಿಗಳನ್ನೆಲ್ಲ ಕಡಲಿಗೆ ಬಿಟ್ಟಾಗ ಕುರ್ಚಿಯಿಂದ ಎದ್ದೇಬಿಟ್ಟಳು.

“ಬಿಡುಕೆ ಆರೆ ಹಿಡುದ್ ಎಂತಕೆ ಹೆಣೆ?”

ಈ ಪ್ರಶ್ನೆಗೆ ನನ್ನಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ. ಹಿಡಿಯುವ ಕ್ರಮದ ಬಗ್ಗೆಯಾದರೆ ಈಗ ಧಾರಾಳವಾಗಿ ಹೇಳಬಲ್ಲೆ.

ಮರದ ಕ್ಲಿಪ್ಪು ತೇಲುತ್ತದೆ, ಹಾಗಾಗಿ ಕಲ್ಲು ಬೇಕು. ಕ್ಲಿಪ್ಪಿನ ಸ್ಪ್ರಿಂಗಿನ ತೂತಿಗೆ ದಾರ ಪೋಣಿಸಿ, ಅದರಿಂದ ಒಂದು ಗೇಣು ಮೇಲೆ ಕಲ್ಲು ಕಟ್ಟಬೇಕು. ಕಟ್ಟೆಯ ಕಂಬಗಳಿಗೆ ನಮ್ಮ ಪಚ್ಚಿಲೆಯ ಜಾತಿಯ ನೀಲಿ ಚಿಪ್ಪುಗಳು ಗೊಂಚಲು ಗೊಂಚಲಾಗಿ ಅಂಟಿರುತ್ತವೆ. ಒಂದನ್ನು ಕಿತ್ತು ಕಲ್ಲಿನಿಂದ ಜಜ್ಜಿ, ಒಳಗಿನ ಮಾಂಸವನ್ನು ಕ್ಲಿಪ್ಪಿನ ಬಾಯಿಗೆ ಸಿಕ್ಕಿಸಿದರೆ ಆಯಿತು. ಏಡಿ ಕಣ್ಣಿಗಿಂತ ವಾಸನೆಯನ್ನು ನಂಬುವ ಪ್ರಾಣಿ, ಹಣೆಯ ಮೇಲಿನ ಪುಟ್ಟ ಮೀಸೆಗಳಿಂದ ನೀರಿನಲ್ಲೇ ಮೂಸುತ್ತದೆ. ಚಿಪ್ಪನ್ನು ಜಜ್ಜಿದಷ್ಟೂ ರಸ ನೀರಿಗಿಳಿದು ಬೇಗ ಸುದ್ದಿ ಮುಟ್ಟುತ್ತದೆ. ಬರಿಯ ಮರಳಿನ ಮೇಲೆ ಇಳಿಸಿದರೆ ದಿನವಿಡೀ ಕೂತರೂ ಏನೂ ಸಿಗದು. ಕಂಬದ ಬುಡ, ಕಲ್ಲುಗಳ ಸಂದು, ಪಾಚಿ ಬೆಳೆದ ಗೋಡೆಯ ಮಗ್ಗುಲು, ಅಲ್ಲೇ ಅವುಗಳ ವಾಸ.

ದಾರ ಅಡ್ಡಕ್ಕೆ ಜರುಗಿದರೆ ಏಡಿ ಬಂತು ಎಂದು ಅರ್ಥ. ಆಗ ಸರ್ರನೆ ಎಳೆಯಬಾರದು. ಕೊಕ್ಕೆ ಇಲ್ಲವಲ್ಲ, ಏಡಿ ಮೇಲೆ ಬರುವುದು ತನ್ನ ಹಟದಿಂದಲೇ. ಸಿಕ್ಕ ಊಟವನ್ನು ಬಿಡಲಾರದೆ ಕೊಂಬಿನಿಂದ ಕಚ್ಚಿಕೊಂಡು ದಾರದ ಜೊತೆ ಏರುತ್ತದೆ. ನೀರಿನ ಮೇಲ್ಮೈ ದಾಟಿ ಮೈಭಾರ ತಿಳಿದ ಕ್ಷಣವೇ ಬುದ್ಧಿ ಬಂದು ಕೈಬಿಡುತ್ತದೆ. ಆ ಗಡಿಯಲ್ಲಿ, ಅದು ಇನ್ನೂ ನೀರಲ್ಲಿರುವಾಗಲೇ, ಇನ್ನೊಬ್ಬರು ಕೈಬಲೆಯನ್ನು ಅಡಿಗೆ ತೂರಿಸಬೇಕು. ಹೀಗಾಗಿ ಇದು ಇಬ್ಬರ ಕೆಲಸ. ಅಪ್ಪ ಅಮ್ಮಂದಿರು ಮೊಬೈಲ್ ಕೆಳಗಿಡಲು ಇದಕ್ಕಿಂತ ಒಳ್ಳೆಯ ಕಾರಣ ನಾನು ಕಂಡಿಲ್ಲ.

ಇಲ್ಲಿ ಸಿಗುವುದು ಜರ್ಮನರು ಸ್ಟ್ರಾಂಡ್‌ಕ್ರಾಬೆ ಎನ್ನುವ ತೀರದ ಏಡಿ. ಎಷ್ಟು ಬೆಳೆದರೂ ಎಂಟೊಂಬತ್ತು ಸೆಂಟಿಮೀಟರ್ ಅಗಲ ದಾಟದು. ಎರಡು ಕಣ್ಣುಗಳ ನಡುವೆ ಮೂರು ಮೊಂಡು ಹಲ್ಲು, ಕಣ್ಣಿನಿಂದಾಚೆ ಎರಡೂ ಪಕ್ಕ ಐದೈದು ಚೂಪು ಹಲ್ಲು, ಎಣಿಸಿದರೆ ಗುರುತು ಖಚಿತ. ಕೆಲವು ಹಸಿರು, ಕೆಲವು ಇಟ್ಟಿಗೆ ಕೆಂಪು. ಬೇರೆ ಜಾತಿ ಎಂದುಕೊಳ್ಳಬೇಡಿ, ಬಹಳ ಕಾಲ ಪೊರೆ ಕಳಚದೆ ಉಳಿದದ್ದು ಕೆಂಪಗಾಗುತ್ತದೆ. ಮಗುಚಿದರೆ ಹೊಟ್ಟೆಯ ಮಡಿಕೆ ಚೂಪು ತ್ರಿಕೋನವಾಗಿದ್ದರೆ ಗಂಡು, ದುಂಡಗೆ ಅಗಲವಾಗಿದ್ದರೆ ಹೆಣ್ಣು. ಇದನ್ನು ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಗಳು ಎತ್ತಿಕೊಟ್ಟ ಏಡಿಯನ್ನು ಹಿಂದಿನಿಂದ ಎರಡು ಬೆರಳಲ್ಲಿ ಹಿಡಿದು, ಮಗುಚಿ, ಹೊಟ್ಟೆ ಒತ್ತಿ ನೋಡಿ “ಪೊಳ್ಳು” ಎಂದು ತೀರ್ಪು ಕೊಟ್ಟಳು. ಹುಣ್ಣಿಮೆ ಏಡಿಯಲ್ಲಿ ಮಾಂಸವಿರುವುದಿಲ್ಲ, ಅಮಾವಾಸ್ಯೆಯದು ತುಂಬಿರುತ್ತದೆ ಎಂಬ ಗಂಗೊಳ್ಳಿ ಪೇಟೆಯ ನಂಬಿಕೆ ಬಾಲ್ಟಿಕ್ ಏಡಿಗೂ ಅನ್ವಯವಾಯಿತು.

ನಾನು ಕಲಿತ ಮುಖ್ಯ ಪಾಠ ಮಾತ್ರ ದಾರದ್ದಲ್ಲ, ಬಕೆಟ್ಟಿನದು. ಇಲ್ಲಿ ಹಿಡಿಯುವುದು ಸಲೀಸು, ಸಂಜೆಯವರೆಗೆ ಸಾಯದಂತೆ ಇಟ್ಟುಕೊಳ್ಳುವುದೇ ಪರೀಕ್ಷೆ. ಬಿಸಿಲಿಗಿಟ್ಟ ಬಕೆಟ್ಟಿನ ನೀರು ಬೆಚ್ಚಗಾಗುತ್ತದೆ, ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ನಿಲ್ಲದು. ಹತ್ತಿಪ್ಪತ್ತು ಏಡಿಗಳು ಅದನ್ನೇ ಹಂಚಿಕೊಳ್ಳಬೇಕು. ಆಗ ಅವು ಗೋಡೆಗೊರಗಿ ಎದೆ ಎತ್ತಿ ಬಾಯಿಯನ್ನು ನೀರಿನ ಮೇಲಕ್ಕೆ ತರುತ್ತವೆ, ಗುಳ್ಳೆ ಬಿಡುತ್ತವೆ. ಪಕ್ಕದ ಮಕ್ಕಳು ಅದನ್ನು ಕಂಡು ‘ಓಡಿಹೋಗಲು ನೋಡ್ತಿದೆ’ ಎಂದು ಇನ್ನಷ್ಟು ನೀರು ಸುರಿಯುತ್ತಿದ್ದರು. ಅಮ್ಮ ತಡೆದಳು. “ನೀರ್ ಎಂತಕೆ? ಒದ್ದಿ ಗೋಣಿ ಹಾಕ್ರೆ ಸಾಕ್.”

ಗೋಣಿ ಎಲ್ಲಿಂದ ತರುವುದು? ಕಟ್ಟೆಯ ಬುಡದಲ್ಲಿ ಗುಳ್ಳೆಗುಳ್ಳೆಯ ಕಂದು ಕಡಲಕಳೆ ರಾಶಿ ಬಿದ್ದಿತ್ತು. ಅದನ್ನೇ ತುಂಬಿಸಿ, ಎರಡು ಬೆರಳು ನೀರು ಮಾತ್ರ ಉಳಿಸಿ, ಬಕೆಟ್ಟನ್ನು ಅಮ್ಮನ ಕುರ್ಚಿಯ ನೆರಳಿಗೆ ಎಳೆದೆವು. ಏಡಿಗಳು ಕಳೆಯ ಸಂದಿಗೆ ಸೇರಿ ತೆಪ್ಪಗಾದವು. ಅಮ್ಮನ ಮಾತಿನ ಹಿಂದಿನ ವಿಜ್ಞಾನ ಸರಳ. ಏಡಿಯ ಕಿವಿರು ಒದ್ದೆಯಾಗಿದ್ದರೆ ಸಾಕು, ತೀರದ ಏಡಿ ಗಾಳಿಯಿಂದಲೇ ಉಸಿರಾಡಿಕೊಂಡು ಗಂಟೆಗಟ್ಟಲೆ ಇರಬಲ್ಲದು. ಕೆಟ್ಟ ನೀರಲ್ಲಿ ಮುಳುಗಿಸಿಟ್ಟರೇ ಅದಕ್ಕೆ ಆಪತ್ತು. ಗಂಗೊಳ್ಳಿಯಲ್ಲಿ ಕೊಂಬು ಕಟ್ಟಿದ ಏಡಿ ಒದ್ದೆ ಗೋಣಿಯೊಳಗೆ ಪೇಟೆಗೆ ಹೋಗುವುದು ಇದೇ ಲೆಕ್ಕದಲ್ಲಿ. ಸಾರಿಗೆ ಬೀಳುವವರೆಗೆ ಜೀವ ಉಳಿಯಲಿ ಎಂದು ಕಲಿತ ವಿದ್ಯೆ, ಕಡಲಿಗೆ ಮರಳುವವರೆಗೆ ಉಳಿಸಲೂ ಒದಗಿತು.

ಸಂಖ್ಯೆಯ ವಿಷಯವೂ ಇದೆ. ಮಕ್ಕಳಿಗೆ ಎಷ್ಟು ಹಿಡಿದೆ ಎಂಬುದೇ ಲೆಕ್ಕ. ಆದರೆ ದೊಡ್ಡವನ್ನೂ ಸಣ್ಣವನ್ನೂ ಒಟ್ಟಿಗೆ ತುಂಬಿದರೆ ಬಕೆಟ್ಟಿನಲ್ಲೇ ಜಗಳ. ಸೋತದ್ದು ತನ್ನ ಕಾಲನ್ನು ತಾನೇ ಬುಡದಲ್ಲಿ ಮುರಿದು ಬಿಟ್ಟುಕೊಡುತ್ತದೆ. ಮುಂದೆ ಪೊರೆ ಕಳಚುವಾಗ ಆ ಕಾಲು ಮತ್ತೆ ಚಿಗುರುತ್ತದೆ ಎಂಬುದು ನಿಜವಾದರೂ, ಅದಕ್ಕೆ ತಗಲುವ ಖರ್ಚು ಏಡಿಯದ್ದೇ. ನಮ್ಮ ಮನೆಯ ನಿಯಮ: ಐದಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ.

ಒಮ್ಮೆ ಬಲೆಯಲ್ಲಿ ಎರಡು ಒಟ್ಟಿಗೆ ಬಂದವು. ದೊಡ್ಡ ಗಂಡೊಂದು ಸಣ್ಣ ಹೆಣ್ಣನ್ನು ಹೊಟ್ಟೆಯಡಿ ಅವಚಿಕೊಂಡಿತ್ತು. ಬೇರೆ ಮಾಡೋಣವೆಂದು ಮಗಳು ಕೈಹಾಕಿದಳು, ಅಮ್ಮ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಈ ಜಾತಿಯ ಹೆಣ್ಣು ಪೊರೆ ಕಳಚಿ ಮೆತ್ತಗಿರುವಾಗ ಮಾತ್ರ ಕೂಡಬಲ್ಲದು, ಆ ಗಳಿಗೆಗಾಗಿ ಗಂಡು ದಿನಗಟ್ಟಲೆ ಅದನ್ನು ಹೊತ್ತು ತಿರುಗುತ್ತದೆ. ಜೋಡಿಯನ್ನು ಹಾಗೇ ನೀರಿಗಿಳಿಸಿದೆವು. ಮಗಳ ಪ್ರಶ್ನೆಗಳಿಗೆ ಉತ್ತರಿಸುವ ಜವಾಬ್ದಾರಿಯನ್ನು ಅಮ್ಮಮ್ಮನಿಗೆ ಬಿಟ್ಟು ನಾನು ಐಸ್‌ಕ್ರೀಮ್ ತರಲು ಎದ್ದೆ.

ಬಿಡುವುದಕ್ಕೂ ಕ್ರಮವಿದೆ. ಕಟ್ಟೆಯ ಮೇಲಿಂದ ಬೀಸಿ ಎಸೆಯುವುದಲ್ಲ. ನೀರಂಚಿನ ಒದ್ದೆ ಮರಳಿಗೆ ಬಕೆಟ್ಟನ್ನು ಓರೆ ಮಾಡಿದರೆ ಅವು ತಾವೇ ಅಡ್ಡಡ್ಡ ಓಡುತ್ತವೆ. ಮಕ್ಕಳು ಯಾರದು ಮೊದಲು ಎಂದು ಕೂಗುತ್ತಾರೆ. ಕಡಲಹಕ್ಕಿಗಳೂ ಇದೇ ಓಟಕ್ಕೆ ಕಾದಿರುತ್ತವೆ, ಯಾರಾದರೊಬ್ಬರು ಕೈಬೀಸುತ್ತ ನಿಂತಿರಬೇಕು. ದಾರ ಸುತ್ತುವಾಗ ಅದಕ್ಕೆ ಕೆಂಪು ಲೋಳೆಯ ಎಳೆ ಅಂಟಿದೆಯೇ ನೋಡಿ. ಬೇಸಿಗೆಯಲ್ಲಿ ಇಲ್ಲಿಗೆ ಬರುವ ಬೆಂಕಿ ಜೆಲ್ಲಿ ಮೀನಿನ ಎಳೆ ಅದು, ಮುಟ್ಟಿದರೆ ಉರಿ. ತೊಳೆಯುವುದಾದರೆ ಕಡಲ ನೀರಲ್ಲೇ, ಸಿಹಿನೀರಿನಲ್ಲಿ ಅಲ್ಲ.

ಕಾನೂನಿನ ಮಾತು. ಜರ್ಮನಿಯಲ್ಲಿ ಮೀನು ಹಿಡಿಯುವುದಕ್ಕೂ ಪರೀಕ್ಷೆ ಬರೆದು ಪಾಸಾಗಬೇಕು ಎಂದಾಗ ಅಮ್ಮ ನಂಬಲೇ ಇಲ್ಲ. 16 ರಾಜ್ಯಗಳಿಗೂ ಅವರವರದೇ ಮೀನುಗಾರಿಕೆ ಕಾಯ್ದೆ. ಕೀಲ್ ಇರುವ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ರಜೆಗೆ ಬಂದವರಿಗೆಂದು ಪರೀಕ್ಷೆಯಿಲ್ಲದ 28 ದಿನಗಳ ಪರವಾನಗಿ ಸಿಗುತ್ತದೆ. ಕೊಕ್ಕೆ ಕಟ್ಟಿ ಗಾಳ ಹಾಕುವ ಆಸೆಯಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ, ಬಂದರಿನ ಫಲಕವನ್ನೂ ಓದಿ. ಪ್ರಾಣಿಗಳ ರಕ್ಷಣೆ 2002ರಿಂದ ಈ ದೇಶದ ಸಂವಿಧಾನದಲ್ಲೇ ಸೇರಿದೆ. ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದು ಎಂಬುದು ಕಾಯ್ದೆಯ ಮೊದಲ ಮಾತು. ಅಡುಗೆಮನೆಯಲ್ಲೂ ಜೀವಂತ ಏಡಿಯನ್ನು ಹಾಕುವುದಾದರೆ ನೀರು ಕೊತಕೊತ ಕುದಿಯುತ್ತಿರಬೇಕು, ಅದನ್ನು ಪೂರ್ತಿ ಮುಳುಗಿಸಬೇಕು, ಹಾಕಿದ ಮೇಲೂ ಕುದಿ ನಿಲ್ಲಬಾರದು. ಇಷ್ಟೂ ನಿಯಮದ ಪುಸ್ತಕದಲ್ಲಿ ಬರೆದಿದೆ. ಅಮ್ಮನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಪಶ್ಚಿಮದ ಉತ್ತರ ಸಮುದ್ರದಲ್ಲಿ ಈ ಆಟ ಬೇರೆ. ಬಾಲ್ಟಿಕ್‌ನಲ್ಲಿ ಉಬ್ಬರ ಇಳಿತ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಯಾವ ಹೊತ್ತಿಗೆ ಹೋದರೂ ಕಟ್ಟೆಯ ಬುಡದಲ್ಲಿ ನೀರಿರುತ್ತದೆ. ಉತ್ತರ ಸಮುದ್ರದಂಚಿನ ಬ್ಯೂಸುಮ್ ಊರಿನಲ್ಲಾದರೆ ನೀರು ಮೂರು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಬೆಳಗ್ಗೆ ಕಡಲಿದ್ದಲ್ಲಿ ಮಧ್ಯಾಹ್ನ ಕಿಲೋಮೀಟರುಗಟ್ಟಲೆ ಕೆಸರು. 2009ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವಾಡನ್ ಸಮುದ್ರ ಅದು, ರಾಷ್ಟ್ರೀಯ ಉದ್ಯಾನ. ಅಲ್ಲಿ ಕೆಸರಿನ ಮೇಲೆ ನಡೆದು ನೋಡುವುದೇ ಚೆನ್ನ, ಅದೂ ದಾರಿ ಗೊತ್ತಿದ್ದವರ ಜೊತೆ. ಬ್ರೆಡ್ಡಿನಲ್ಲಿ ತುಂಬಿ ಕೊಡುವ ಅಲ್ಲಿನ ‘ಕ್ರಾಬೆನ್’ ಏಡಿಯಲ್ಲ, ಪುಟ್ಟ ಕಂದು ಸಿಗಡಿ. ದೋಣಿಯಲ್ಲೇ ಕಡಲ ನೀರಿನಲ್ಲಿ ಬೇಯಿಸುತ್ತಾರೆ, ಸಿಪ್ಪೆ ಸುಲಿಯಲು ಅದರಲ್ಲಿ ಹೆಚ್ಚಿನ ಪಾಲು ಮೊರಾಕೊದವರೆಗೆ ಹೋಗಿ ಬರುತ್ತದೆ. ಗಂಗೊಳ್ಳಿಯ ಹೆಂಗಸರ ಕೈಯ ವೇಗ ಕಂಡ ಅಮ್ಮನಿಗೆ ಇದು ಶುದ್ಧ ಸೋಮಾರಿತನ ಅನ್ನಿಸಿತು.

ಹ್ಯಾಂಬರ್ಗಿನ ನಮ್ಮ ಮನೆ ಹತ್ತಿರದ ಎಲ್ಬೆ ನದಿಯಲ್ಲೂ ಏಡಿ ಇದೆ. ಕೊಂಬಿಗೆ ಉಣ್ಣೆಯ ಕೈಗವಸು ತೊಟ್ಟಂತೆ ರೋಮ ಬೆಳೆದ ಚೀನೀ ಏಡಿ. ಜರ್ಮನಿಯಲ್ಲಿ ಮೊದಲು ಕಂಡದ್ದು 1912ರಲ್ಲಿ, ಆಲರ್ ನದಿಯಲ್ಲಿ. ಹಡಗುಗಳು ಸಮತೋಲನಕ್ಕೆ ತುಂಬಿಕೊಳ್ಳುವ ನೀರಿನೊಂದಿಗೆ ಬಂದಿರಬೇಕು ಎನ್ನುತ್ತಾರೆ. 2016ರಿಂದ ಅದು ಐರೋಪ್ಯ ಒಕ್ಕೂಟದ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಜೀವಂತ ಸಾಗಿಸಿ ಬೇರೆಡೆ ಬಿಡುವುದು ಅಪರಾಧ. ತಮಾಷೆಯೆಂದರೆ, ಇಲ್ಲಿ ನಾವು ಜೋಪಾನ ಮಾಡುವ ತೀರದ ಏಡಿಯೇ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂಥದೇ ಪಟ್ಟಿಯಲ್ಲಿರುವ ದಾಳಿಕೋರ. ಲಾಬೋದ ಏಡಿಯೊಂದನ್ನು ಮನೆಗೊಯ್ದು ಎಲ್ಬೆಗೆ ಬಿಡುತ್ತೇನೆಂದು ಮಗಳು ಹಟ ಹಿಡಿದಾಗ ಇದನ್ನೆಲ್ಲ ವಿವರಿಸಿದೆ. ಸಿಕ್ಕಿದಲ್ಲೇ ಬಿಡಬೇಕು, ಉಪ್ಪುನೀರಿನದು ಸಿಹಿನೀರಿನಲ್ಲಿ ಬದುಕದು. ಮಗಳಿಗಿಂತ ಗಮನವಿಟ್ಟು ಕೇಳಿದವಳು ಅಮ್ಮ.

“ಆ ಚೀನಾದ್ದನ್ನ ತಿಂಬುಕೆ ಅಡ್ಡಿಲ್ಲ ಅಲ್ದಾ?”

ಅಡ್ಡಿಯಿಲ್ಲ, ಬರ್ಲಿನ್ ಕಡೆಯ ಬೆಸ್ತರು ಹಿಡಿದು ಚೀನೀ ಹೋಟೆಲುಗಳಿಗೆ ಮಾರುತ್ತಾರೆ. ಆದರೆ ಬಂದರಿನ ನೀರಿನಿಂದ ಹಿಡಿದು ತಿನ್ನುವ ಧೈರ್ಯ ನನಗಿರಲಿಲ್ಲ. ಬದಲಿಗೆ ಭಾನುವಾರ ಬೆಳಗ್ಗೆ ಐದಕ್ಕೆ ಅಮ್ಮನನ್ನು 1703ರಿಂದ ನಡೆದುಬಂದಿರುವ ಹ್ಯಾಂಬರ್ಗಿನ ಮೀನು ಮಾರುಕಟ್ಟೆಗೆ ಕರೆದೊಯ್ದೆ. ಕೂಗಿ ಕೂಗಿ ಮಾರುವವರನ್ನು ಕಂಡು ಅವಳಿಗೆ ಊರಿಗೇ ಬಂದಂತಾಯಿತು. ಹೆಲ್ಗೊಲ್ಯಾಂಡ್ ದ್ವೀಪದವರು ಮೆಚ್ಚಿ ತಿನ್ನುವ ದೊಡ್ಡ ಕಂದು ಏಡಿಯ ಕೊಂಬುಗಳು ಒಂದು ಕಡೆ ಇದ್ದವು. ಅಮ್ಮ ಬೆರಳಲ್ಲಿ ತಟ್ಟಿ ನೋಡಿ, ತೂಗಿ ನೋಡಿ, ಕುಂದಾಪ್ರ ಕನ್ನಡದಲ್ಲೇ ಚೌಕಾಶಿ ಮಾಡಿ ಎರಡು ಯೂರೊ ಇಳಿಸಿದಳು. ಮಧ್ಯಾಹ್ನ ಏಡಿ ಸುಕ್ಕ ಆಯಿತು. ಕೊಂಬಿನ ಬಗ್ಗೆ ದೂರಿರಲಿಲ್ಲ. ತೆಂಗಿನಕಾಯಿ ಆಫ್ರಿಕನ್ ಅಂಗಡಿಯದು, ಅದರ ಬಗ್ಗೆ ಅವಳು ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ.