ಗೋಲ್ಡ್‌ಫಿಂಗರ್‌ನ ದನಿ ಯಾರದು?

ಪ್ರಶ್ನೆ: ‘ಗೋಲ್ಡ್‌ಫಿಂಗರ್’ ಖಳನಾಯಕನಿಗೆ ಇಂಗ್ಲಿಷೇ ಬರುತ್ತಿರಲಿಲ್ಲವಂತೆ. ಹಾಗಾದರೆ ಡೈಲಾಗ್ ಹೇಳಿದ್ದು ಯಾರು ಸಾರ್?
– ಓದುಗರು, ಹಾಸನ

ಉತ್ತರ: ಮೈಕೇಲ್ ಕಾಲಿನ್ಸ್ ಎಂಬ ಇಂಗ್ಲಿಷ್ ನಟ. ತೆರೆಯ ಮೇಲಿದ್ದ ಜರ್ಮನಿಯ ಗೆರ್ಟ್ ಫ್ರೋಬೆ ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. 1964ರ ಆ ಬಾಂಡ್ ಚಿತ್ರದ ಜರ್ಮನ್ ಆವೃತ್ತಿಗೆ ಮಾತ್ರ ಅವರದೇ ದನಿ. ದನಿ ಎರವಲಾದರೂ ಖಳನ ಖದರು ಕುಂದಲಿಲ್ಲ ನೋಡಿ!

ಪ್ರಶ್ನೆ: ಬಾಂಡ್ ಚಿತ್ರದವರ ಕಣ್ಣಿಗೆ ಫ್ರೋಬೆ ಬಿದ್ದದ್ದು ಹೇಗೆ?
– ಓದುಗರು, ಧಾರವಾಡ

ಉತ್ತರ: ಒಬ್ಬ ಶಿಶುಹಂತಕನ ಪಾತ್ರದಿಂದ. 1913ರಲ್ಲಿ ಸ್ಯಾಕ್ಸನಿಯ ಜ್ವಿಕಾವ್ ಬಳಿ ಹುಟ್ಟಿದ ಫ್ರೋಬೆ ಪಿಟೀಲು ನುಡಿಸಿದರು, ಡ್ರೆಸ್ಡೆನ್‌ನಲ್ಲಿ ರಂಗಪರದೆ ಬರೆದರು. 1948ರ ‘ಬರ್ಲಿನರ್ ಬಲ್ಲಾಡೆ’ಯಲ್ಲಿ ಕಡ್ಡಿಪೈಲ್ವಾನ್! ಗೋಲ್ಡ್‌ಫಿಂಗರ್‌ನ ಬೊಜ್ಜು ಬಂದದ್ದು ಆಮೇಲೆ. 1958ರಲ್ಲಿ ಸ್ವಿಸ್ ಸಾಹಿತಿ ಡ್ಯೂರೆನ್‌ಮಾಟ್ ಚಿತ್ರಕಥೆಯಲ್ಲಿ ಕೈಜೋಡಿಸಿದ ಪತ್ತೇದಾರಿ ಚಿತ್ರ ಬಂತು. ಅದರಲ್ಲಿ ಫ್ರೋಬೆ, ಹೆಂಡತಿಯ ದರ್ಪಕ್ಕೆ ನಲುಗಿದ ಶ್ರೊಟ್. ಕಾಡಿನಲ್ಲಿ ಪುಟ್ಟ ಹುಡುಗಿಯೆದುರು ಕೈಗೆ ಬಟ್ಟೆಯ ಗೊಂಬೆ ತೊಟ್ಟು ಕುಣಿಸುತ್ತಾನೆ, ಚಾಕೊಲೇಟ್ ಕೊಡುತ್ತಾನೆ. ಅಬ್ಬರವಿಲ್ಲ, ಕೆಂಗಣ್ಣಿಲ್ಲ. ಆ ಮಗು ನಕ್ಕಷ್ಟೂ ನಮ್ಮ ಎದೆ ಡವಡವ. ಅವರ ಅತ್ಯುತ್ತಮ ಅಭಿನಯ ಇದೇ ಎಂದು ನನ್ನ ಎಣಿಕೆ; ಗೋಲ್ಡ್‌ಫಿಂಗರ್ ಎರಡನೆಯ ಸ್ಥಾನಕ್ಕೆ. ಬಾಂಡ್ ನಿರ್ಮಾಪಕರು ಈ ಚಿತ್ರ ನೋಡಿಯೇ ಕರೆದರು.

ಪ್ರಶ್ನೆ: ಅವರು ನಾಜಿ ಪಕ್ಷದವರಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ನಿಜ. 1929ರಲ್ಲಿ ಸೇರಿ 1937ರಲ್ಲಿ ಬಿಟ್ಟರು. ಸೇರುವಾಗ 16ರ ಹುಡುಗ, ಒಪ್ಪೋಣ. ಆದರೆ ಹಿಟ್ಲರ್ ಆಗಿನ್ನೂ ಗದ್ದುಗೆಗೇ ಏರಿರಲಿಲ್ಲ, ಆದ್ದರಿಂದ ಸರ್ಕಾರದ ಬಲವಂತ ಎನ್ನುವಂತಿಲ್ಲ. 1965ರಲ್ಲಿ ವಿಷಯ ಬಯಲಾದಾಗ ಇಸ್ರೇಲ್ ಅವರ ಚಿತ್ರಗಳನ್ನು ನಿಷೇಧಿಸಿತು. ಆಗ ಯಹೂದಿಯೊಬ್ಬರು ಮುಂದೆ ಬಂದು, ತಮ್ಮನ್ನೂ ತಾಯಿಯನ್ನೂ ನಾಜಿಗಳಿಂದ ಬಚ್ಚಿಟ್ಟು ಕಾಪಾಡಿದ್ದು ಇದೇ ಫ್ರೋಬೆ ಎಂದರು. ನಿಷೇಧ ತೆರವಾಯಿತು. ಎರಡೂ ಸಂಗತಿ ಒಬ್ಬನದೇ. ಒಂದರಿಂದ ಇನ್ನೊಂದನ್ನು ವಜಾ ಮಾಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ನೋಡುವಂಥ ಅವರ ಚಿತ್ರ ಇದೆಯೇ?
– ಓದುಗರು, ಉಡುಪಿ

ಉತ್ತರ: 1968ರ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’. ಹಾರುವ ಕಾರು ತನಗೇ ಬೇಕೆಂದು ರಚ್ಚೆ ಹಿಡಿಯುವ ದೊರೆಯಾಗಿ ಫ್ರೋಬೆ ನಗಿಸುತ್ತಾರೆ. ಮೂಲ ಕಥೆ ಬರೆದವರೂ ಬಾಂಡ್‌ನ ಜನಕ ಇಯಾನ್ ಫ್ಲೆಮಿಂಗ್. ಮಕ್ಕಳನ್ನು ಹಿಡಿಯುವವನೊಬ್ಬ ಅದರಲ್ಲೂ ಇದ್ದಾನೆ, ಆದರೆ ಅವನು ಫ್ರೋಬೆ ಅಲ್ಲ. ತೀರಾ ಪುಟಾಣಿಗಳಿದ್ದರೆ ಪಕ್ಕದಲ್ಲೇ ಕೂತಿರಿ.